ಹಾಲಿಗೆ ಫ್ಯಾಟ್ ನೋಡುವ ನಾವು ಆಯಿಲಿಗೆ ನಂಬರ್ ನೋಡಬೇಡವೇ?



ಡೇರಿಗೆ ಕ್ಯಾನು ಹಿಡಿದು ಹೋದಾಗ ಹಾಲು ಬೆಳ್ಳಗಿದೆ, ಗಟ್ಟಿಯಾಗಿದೆ ಎಂದು ಯಾರೂ ಕಣ್ಣಳತೆಯಲ್ಲಿ ದರ ಹಾಕುವುದಿಲ್ಲ. ಫ್ಯಾಟ್ 3.5 ಇದೆಯೇ, ಎಸ್‌ಎನ್‌ಎಫ್ 8.5 ಬಂದಿದೆಯೇ ಎಂದು ಪರೀಕ್ಷೆ ಮಾಡಿ ನೋಡುತ್ತಾರೆ. ಒಂದು ಪಾಯಿಂಟ್ ಕಡಿಮೆ ಬಂದರೆ ನಾವೂ ಸುಮ್ಮನಿರುವುದಿಲ್ಲ, ಇನ್ನೊಂದು ಸಲ ನೋಡಿ ಎನ್ನುತ್ತೇವೆ. ಅದೇ ನಾವು ಹಾಲು ಕರೆಯುವ ಮಿಷನ್ನಿಗೋ ಹುಲ್ಲು ಕೊಯ್ಯುವ ಮಿಷನ್ನಿಗೋ ಆಯಿಲ್ ಬೇಕಾದಾಗ ಮಾತ್ರ, "ಪೇಟೆಗೆ ಹೋದವನು ಒಂದು ಡಬ್ಬ ಆಯಿಲ್ ತಗೊಂಡು ಬಾ" ಎಂದು ಮಗನ ಕೈಗೆ ದುಡ್ಡು ಕೊಟ್ಟು ಕಳಿಸುತ್ತೇವೆ. ಯಾವ ಆಯಿಲ್ ಎಂದು ಅವನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಅಂಗಡಿಯವರು ಕೊಟ್ಟದ್ದು ಮಿಷನ್ನಿನ ಹೊಟ್ಟೆಗೆ ಬೀಳುತ್ತದೆ.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಕೊಟ್ಟಿಗೆಗಳಲ್ಲಿ ಈಗ ಮಿಷನ್ ಹೊಸದಲ್ಲ. ಮೇವು ಕತ್ತರಿಸುವ ಚಾಫ್ ಕಟರ್, ಬದುವಿನ ಹುಲ್ಲು ಕೊಯ್ಯುವ ಬ್ರಷ್ ಕಟರ್, ಹಾಲು ಕರೆಯುವ ಮಿಷನ್, ಕೆಲವರ ಮನೆಯಲ್ಲಿ ಪವರ್ ಟಿಲ್ಲರ್ ಅಥವಾ ಚಿಕ್ಕ ಟ್ರ್ಯಾಕ್ಟರ್. ಇವುಗಳಲ್ಲಿ ಹೆಚ್ಚಿನವನ್ನು ಬೆಳಿಗ್ಗೆ ಸಂಜೆ ಓಡಿಸುವವರು ಹೆಂಗಸರು. ಆದರೆ ಯಾವುದಕ್ಕೆ ಯಾವ ಆಯಿಲ್ ಎಂಬ ಮಾತು ಬಂದಾಗ ಅದು ಗಂಡಸರ ವಿಷಯ, ಮೆಕ್ಯಾನಿಕ್ ವಿಷಯ ಎಂದು ದೂರ ಸರಿಯುತ್ತೇವೆ. ಇದು ಸರಿಯಲ್ಲ ಎಂಬುದೇ ಈ ಬರಹದ ವಾದ. ಮಿಷನ್ ಓಡಿಸುವವಳೇ ಅದರ ಆಯಿಲಿನ ನಂಬರ್ ತಿಳಿದಿರಬೇಕು, ಅವಳೇ ಅದನ್ನು ಕೇಳಿ ತರಿಸಬೇಕು. ಏಕೆಂದರೆ ಮಿಷನ್ ಕೆಟ್ಟ ದಿನ ಕುಳಿತು ನಾಲ್ಕು ಹಸು ಕರೆಯುವವಳು ಅವಳೇ.

ಎಣ್ಣೆ ಆರಿಸುವುದು ನಮಗೆ ಹೊಸ ವಿದ್ಯೆಯಲ್ಲ

ನಮ್ಮ ಅಜ್ಜಿಯಂದಿರು ಒಂದೇ ಎಣ್ಣೆಯನ್ನು ಎಲ್ಲದಕ್ಕೂ ಹಾಕಲಿಲ್ಲ. ಅಡುಗೆಗೆ ಹುಚ್ಚೆಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ, ಮಗುವಿನ ಮೈಗೆ ಹರಳೆಣ್ಣೆ, ದೀಪಕ್ಕೆ ಹಿಪ್ಪೆ ಎಣ್ಣೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ. ಗಾಡಿಯ ಕೀಲಿಗೆ ಕೊಬ್ಬರಿ ಎಣ್ಣೆ ಹಾಕಿದರೆ ಏನಾಗುತ್ತಿತ್ತು? ತೆಳುವಾದ ಎಣ್ಣೆ ಒಂದು ಹರದಾರಿ ಹೋಗುವುದರೊಳಗೆ ಸೋರಿಹೋಗಿ ಗಾಲಿ ಕಿರುಗುಟ್ಟುತ್ತಿತ್ತು. ಭಾರ ಹೊರುವ ಜಾಗಕ್ಕೆ ದಪ್ಪ ಎಣ್ಣೆ, ಚುರುಕಾಗಿ ತಿರುಗುವ ಜಾಗಕ್ಕೆ ತೆಳು ಎಣ್ಣೆ ಎಂಬ ತಿಳಿವಳಿಕೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇತ್ತು. ಈಗ ಬಂದಿರುವುದು ಆ ದಪ್ಪ-ತೆಳುವಿಗೆ ಒಂದು ನಂಬರ್, ಅಷ್ಟೇ.

ಆ ನಂಬರನ್ನು ಓದುವುದು ಕಷ್ಟವೇನಲ್ಲ. ಹೈಡ್ರಾಲಿಕ್ ಆಯಿಲ್ ಡಬ್ಬದ ಮೇಲೆ 46 ಅಥವಾ 68 ಎಂದಿರುತ್ತದೆ. 40 ಡಿಗ್ರಿ ಬಿಸಿಯಲ್ಲಿ ಆ ಆಯಿಲ್ ಎಷ್ಟು ದಪ್ಪ ಎಂಬುದರ ಅಳತೆ ಅದು. 46ಕ್ಕಿಂತ 68 ದಪ್ಪ. ಲ್ಯಾಕ್ಟೋಮೀಟರ್ ಹಾಕಿದಾಗ ಹಾಲಿನ ಬಿಸಿಯನ್ನೂ ನೋಡಿ ಲೆಕ್ಕ ಸರಿಮಾಡುವುದಿಲ್ಲವೇ? ಹಾಗೆಯೇ ಆಯಿಲಿನ ದಪ್ಪವನ್ನೂ ಒಂದು ಗೊತ್ತಾದ ಬಿಸಿಯಲ್ಲೇ ಅಳೆಯಬೇಕು. ಎಂಜಿನ್ ಆಯಿಲ್ ಡಬ್ಬದ ಮೇಲೆ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಎಂದು ಎರಡು ನಂಬರ್ ಇರುತ್ತವೆ. ಮೊದಲನೆಯದು ಚಳಿಯಲ್ಲಿ ಅದು ಹೇಗೆ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಎಂಜಿನ್ ಚೆನ್ನಾಗಿ ಕಾದಾಗ, ಅಂದರೆ 100 ಡಿಗ್ರಿಯಲ್ಲಿ, ಅದರ ದಪ್ಪ ಎಷ್ಟು ಉಳಿದಿರುತ್ತದೆ ಎಂಬುದಕ್ಕೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಗೇರ್ ಆಯಿಲಿನ ನಂಬರ್ ಬೇರೆ ತಕ್ಕಡಿಯದು. ಗೇರ್ ಆಯಿಲ್ 90 ಎಂದಿದ್ದರೆ ಅದು ಎಂಜಿನ್ ಆಯಿಲ್ 40ಕ್ಕಿಂತ ಎರಡು ಪಟ್ಟು ದಪ್ಪ ಎಂದುಕೊಳ್ಳಬಾರದು. ಗೇರ್ ಆಯಿಲಿನ 90, ಎಂಜಿನ್ ಆಯಿಲಿನ 40 ಅಥವಾ 50ರ ಹತ್ತಿರದ ದಪ್ಪವೇ. ಆದರೂ ಒಂದರ ಬದಲಿಗೆ ಇನ್ನೊಂದನ್ನು ಹಾಕುವಂತಿಲ್ಲ, ಏಕೆಂದರೆ ಎರಡರೊಳಗೂ ಸೇರಿಸಿರುವ ಔಷಧಿಗಳು ಬೇರೆ. ಹಲ್ಲಿಗೆ ಹಲ್ಲು ಒತ್ತಿ ತಿರುಗುವ ಗೇರನ್ನು ಕಾಯುವ ಔಷಧಿ ಗೇರ್ ಆಯಿಲಿನಲ್ಲಿರುತ್ತದೆ. ಮಸಿಯನ್ನು ತೊಳೆದು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಔಷಧಿ ಎಂಜಿನ್ ಆಯಿಲಿನಲ್ಲಿರುತ್ತದೆ. ನೀರು ಮತ್ತು ಗಾಳಿ ಸೇರಿದರೆ ಬೇಗ ಬೇರೆಯಾಗುವಂತೆ ಮಾಡಿದ್ದು ಹೈಡ್ರಾಲಿಕ್ ಆಯಿಲ್. ಎಮ್ಮೆ ಹಾಲೂ ಹಸುವಿನ ಹಾಲೂ ಬಣ್ಣದಲ್ಲಿ ಒಂದೇ ತರಹ ಕಂಡರೂ ಫ್ಯಾಟ್ ಒಂದೇ ಅಲ್ಲ. ಆಯಿಲೂ ಹಾಗೆಯೇ.

ಆಯಿಲೇ ಚಕ್ರ ತಿರುಗಿಸುವ ಮಿಷನ್

ಆಯಿಲ್ ತಪ್ಪಿದರೆ ಏನಾಗುತ್ತದೆ ಎಂಬುದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಹೈಡ್ರೋಸ್ಟ್ಯಾಟಿಕ್ ಎಂಬ ಬಗೆಯ ಮಿಷನ್ನುಗಳಲ್ಲಿ. ಹೆಸರು ದೊಡ್ಡದು, ಕೆಲಸ ಸರಳ. ದೊಡ್ಡ ಉದ್ಯಾನಗಳಲ್ಲಿ, ಗಾಲ್ಫ್ ಮೈದಾನಗಳಲ್ಲಿ ಕುಳಿತು ಓಡಿಸುತ್ತಾ ಹುಲ್ಲು ಸಮ ಮಾಡುವ ಮಿಷನ್ನುಗಳಲ್ಲಿ ಇದು ಸಾಮಾನ್ಯ. ನಮ್ಮ ಕಣ್ಣಿಗೆ ಬೀಳುವುದು ಭತ್ತದ ಗದ್ದೆಯಲ್ಲಿ. ಕಬಿನಿ, ಕಾವೇರಿ ನಾಲೆಗಳ ಕೆಳಗಿನ ಗದ್ದೆಗಳಿಗೆ ಕೊಯ್ಲಿನ ಕಾಲದಲ್ಲಿ ರಬ್ಬರ್ ಪಟ್ಟಿಯ ಮೇಲೆ ಓಡುವ ಭತ್ತ ಕೊಯ್ಯುವ ಮಿಷನ್ನುಗಳು ಬರುತ್ತವಲ್ಲ, ಅವುಗಳಲ್ಲಿ ಬಹಳಷ್ಟು ಈ ಬಗೆಯವು. ಕುಳಿತು ಓಡಿಸುವ ನಾಟಿ ಮಿಷನ್ನುಗಳಲ್ಲೂ ಇದು ಇರುತ್ತದೆ.

ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಶಕ್ತಿ ಗೇರಿನ ಹಲ್ಲುಗಳ ಮೂಲಕ ಚಕ್ರಕ್ಕೆ ಹೋಗುತ್ತದೆ. ಇದರಲ್ಲಿ ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಆಯಿಲನ್ನು ಜೋರಾಗಿ ಒತ್ತುತ್ತದೆ, ಆ ಒತ್ತಡದ ಆಯಿಲ್ ಇನ್ನೊಂದು ಕಡೆಯ ಮೋಟಾರನ್ನು ತಿರುಗಿಸುತ್ತದೆ. ಅಂದರೆ ಇಲ್ಲಿ ಆಯಿಲ್ ಬರೀ ನುಣುಪಿಗೆ ಹಾಕಿದ್ದಲ್ಲ, ಅದೇ ಎತ್ತಿನಂತೆ ಗಾಡಿಯನ್ನು ಎಳೆಯುತ್ತದೆ. ಜೊತೆಗೆ ಒಳಗಿನ ಭಾಗಗಳು ಸವೆಯದಂತೆ ಕಾಯುವುದೂ, ಹುಟ್ಟಿದ ಕಾವನ್ನು ಹೊತ್ತು ಹೊರಗೆ ತರುವುದೂ ಅದರದೇ ಕೆಲಸ.

ಒಳಗಿನ ಭಾಗಗಳ ನಡುವೆ ಕೂದಲೆಳೆಗಿಂತ ಸಣ್ಣ ಸಂದುಗಳಿರುತ್ತವೆ. ಬೇಕಾದ್ದಕ್ಕಿಂತ ತೆಳುವಾದ ಆಯಿಲ್ ಹಾಕಿದರೆ ಬೆಳಿಗ್ಗೆ ಮಿಷನ್ ಚುರುಕಾಗಿ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಆಯಿಲ್ ಕಾದು ಇನ್ನೂ ತೆಳುವಾಗಿ ಆ ಸಂದುಗಳಲ್ಲಿ ಜಾರಿಕೊಳ್ಳುತ್ತದೆ. ಎಂಜಿನ್ ಅಬ್ಬರಿಸುತ್ತಿದ್ದರೂ ಗಾಡಿ ತೆವಳುತ್ತದೆ, ದಿಣ್ಣೆ ಹತ್ತುವುದಿಲ್ಲ. ಬೇಕಾದ್ದಕ್ಕಿಂತ ದಪ್ಪ ಆಯಿಲ್ ಹಾಕಿದರೆ ಬೆಳಗಿನ ತಂಪಿನಲ್ಲಿ ಪಂಪಿಗೆ ಆಯಿಲ್ ಸರಿಯಾಗಿ ಸಿಗದೆ ಅದು ನರಳುತ್ತದೆ. ಎರಡು ಬಗೆಯ ಆಯಿಲ್ ಬೆರೆಸಿದರೆ ನೊರೆ ಏಳಬಹುದು. ನೊರೆಗೆ ಒತ್ತುವ ಶಕ್ತಿ ಇಲ್ಲ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ಅರ್ಥ.

ಹಾಗಾದರೆ ಇದಕ್ಕೆ ಯಾವ ಆಯಿಲ್? ಎಲ್ಲಾ ಹೈಡ್ರೋಸ್ಟ್ಯಾಟಿಕ್ಕಿಗೂ ಒಂದೇ ಆಯಿಲ್ ಎಂಬುದಿಲ್ಲ. ಹುಲ್ಲು ಕತ್ತರಿಸುವ ಮಿಷನ್ ಮಾಡುವ ಕೆಲವು ಕಂಪನಿಗಳು 20ಡಬ್ಲ್ಯು-50 ಎಂಜಿನ್ ಆಯಿಲನ್ನೇ ಹಾಕಿ ಎನ್ನುತ್ತವೆ. ಕೆಲವರು ಹೈಡ್ರಾಲಿಕ್ ಆಯಿಲ್ ಎನ್ನುತ್ತಾರೆ, ಕೆಲವರು ತಮ್ಮದೇ ಆಯಿಲ್ ಬೇಕು ಎನ್ನುತ್ತಾರೆ. ಹೆಸರು ನೋಡಿ ಊಹಿಸುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಮಿಷನ್ನಿನ ಪುಸ್ತಕ ಏನು ಹೇಳುತ್ತದೋ ಅದೇ.

ಬಾಡಿಗೆ ಮಿಷನ್ನಿನ ಆಯಿಲಿನಿಂದ ನಮಗೇನು ಎನ್ನಬೇಡಿ. ಬಾಡಿಗೆ ಕೊಡುವುದು ಗಂಟೆ ಲೆಕ್ಕದಲ್ಲಿ. ಮಿಷನ್ ತೆವಳಿದಷ್ಟೂ ಹೊತ್ತು ದುಡ್ಡು ಹೋಗುವುದು ನಮ್ಮದು. ತೆವಳಲು ಸವೆದ ಪಂಪು, ಕಟ್ಟಿಕೊಂಡ ಫಿಲ್ಟರ್ ಮುಂತಾದ ಬೇರೆ ಕಾರಣವೂ ಇರಬಹುದು, ಆದರೆ ಕೇಳುವ ಹಕ್ಕು ನಮಗಿದೆ. ಇನ್ನೊಂದು ಮಾತು: ಪೈಪಿನಿಂದ ಆಯಿಲ್ ತೊಟ್ಟಿಕ್ಕುವ ಮಿಷನ್ ಗದ್ದೆಗೆ ಇಳಿದರೆ ಆ ಆಯಿಲ್ ಬೀಳುವುದು ನಮ್ಮ ಹಸುಗಳು ತಿನ್ನುವ ಹುಲ್ಲಿನ ಮೇಲೆ. ಮಿಷನ್ ಇಳಿಸುವ ಮುಂಚೆ ಒಂದು ಸಲ ಕೆಳಗೆ ಬಗ್ಗಿ ನೋಡಿ. ಆಯಿಲ್ ಬಿದ್ದ ಹುಲ್ಲನ್ನು ಬಣವೆಗೆ ಸೇರಿಸಬೇಡಿ.

ನಮ್ಮ ಕೊಟ್ಟಿಗೆಯ ಮಿಷನ್ನುಗಳು

ಈಗ ದಿನಾ ಕೈಯಲ್ಲಿ ಹಿಡಿಯುವ ಮಿಷನ್ನುಗಳಿಗೆ ಬರೋಣ.

ಹಾಲು ಕರೆಯುವ ಮಿಷನ್ನಿನ ಜೀವ ಇರುವುದು ಗಾಳಿ ಎಳೆಯುವ ಪಂಪಿನಲ್ಲಿ. ಮೊದಲು ತಿಳಿಯಬೇಕಾದ್ದು, ನಿಮ್ಮ ಪಂಪು ಆಯಿಲ್ ಬೇಕಾದ್ದೋ, ಬೇಡವಾದ್ದೋ? ಎರಡು ಬಗೆಯೂ ಇವೆ. ಆಯಿಲ್ ಬೇಡದ ಪಂಪಿಗೆ "ಪಾಪ, ಒಣಗಿದೆ" ಎಂದು ಆಯಿಲ್ ಬಿಟ್ಟರೆ ಒಳಗಿನ ಪಟ್ಟಿಗಳು ಅಂಟಿಕೊಂಡು ಪಂಪೇ ನಿಲ್ಲುತ್ತದೆ. ಆಯಿಲ್ ಬೇಕಾದ ಪಂಪಿಗೆ ತೊಟ್ಟಿಕ್ಕುವ ಒಂದು ಬಟ್ಟಲು ಇರುತ್ತದೆ. ಅದಕ್ಕೆ ಪುಸ್ತಕದಲ್ಲಿ ಬರೆದ ನಂಬರಿನ ಆಯಿಲ್ ಮಾತ್ರ ಹಾಕಬೇಕು. ಬೈಕಿನಿಂದ ಇಳಿಸಿದ ಹಳೇ ಆಯಿಲ್ ಬೇಡ, ಅಡುಗೆ ಎಣ್ಣೆಯಂತೂ ಬೇಡವೇ ಬೇಡ. ಅದು ಕಾದು ಅಂಟಾಗುತ್ತದೆ.

ಆಯಿಲ್ ತಪ್ಪಿದರೆ ಪಂಪು ಸವೆಯುತ್ತದೆ, ಎಳೆತ ಕುಗ್ಗುತ್ತದೆ. ಹಸುವಿಗೆ ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್, ಅಂದರೆ ಪಾದರಸದ ಅಳತೆಯಲ್ಲಿ ಸುಮಾರು 300ರಿಂದ 375 ಮಿಲಿಮೀಟರ್ ಎಳೆತ ಬೇಕು. ಮುಳ್ಳು ಅದಕ್ಕಿಂತ ಕೆಳಗಿಳಿದರೆ ಕಪ್ಪುಗಳು ಮೊಲೆಯಿಂದ ಜಾರುತ್ತವೆ, ಕರೆಯುವ ಹೊತ್ತು ಎಳೆಯುತ್ತದೆ, ಕೆಚ್ಚಲಲ್ಲಿ ಹಾಲು ಉಳಿಯುತ್ತದೆ. ಕೆಚ್ಚಲು ಬಾವಿಗೆ ದಾರಿಯಾಗುವುದು ಹೀಗೂ ಉಂಟು. ಒಂದು ಮೊಲೆಗೆ ಬಾವು ಬಂದರೆ ಔಷಧಿ ಖರ್ಚು ಒಂದು ಕಡೆ, ಔಷಧಿ ಕೊಟ್ಟ ದಿನಗಳ ಹಾಲನ್ನು ಡೇರಿಗೆ ಹಾಕುವಂತಿಲ್ಲ ಎಂಬ ನಷ್ಟ ಇನ್ನೊಂದು ಕಡೆ. ಒಂದು ಡಬ್ಬ ಆಯಿಲಿನಲ್ಲಿ ಉಳಿಸಿದ ದುಡ್ಡು ಎಲ್ಲಿಗೆ ಸಾಕಾಗುತ್ತದೆ ಹೇಳಿ.

ಬ್ರಷ್ ಕಟರಿನಲ್ಲೂ ಎರಡು ಬಗೆ. ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸಬೇಕು. 50ಕ್ಕೆ 1 ಎಂದು ಪುಸ್ತಕದಲ್ಲಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಕಣ್ಣಂದಾಜು ಬೇಡ. ಅಳತೆಗೆಂದೇ ಒಂದು ಸಿರಿಂಜ್ ಇಟ್ಟುಕೊಳ್ಳಿ, ಅದನ್ನು ದನದ ಔಷಧಿಗೆ ಬಳಸಬೇಡಿ. ಆಯಿಲ್ ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಕಾರಿ ಪ್ಲಗ್ಗು ಕಟ್ಟುತ್ತದೆ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಏನೂ ಬೆರೆಸಬಾರದು, ಆಯಿಲಿಗೆ ಬೇರೆಯೇ ಜಾಗವಿದೆ.

ಚಾಫ್ ಕಟರಿನಲ್ಲಿ ಗೇರಿಗೆ ಗ್ರೀಸೋ ಆಯಿಲೋ ಎಂಬುದು ಮಿಷನ್ನಿನಿಂದ ಮಿಷನ್ನಿಗೆ ಬೇರೆ. ಎರಡು ಮಾತು ಮಾತ್ರ ಎಲ್ಲದಕ್ಕೂ ಒಂದೇ. ಬೆಲ್ಟಿಗೆ ಆಯಿಲ್ ತಾಗಬಾರದು, ತಾಗಿದರೆ ಜಾರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಚಕ್ರ ಪೂರ್ತಿ ನಿಂತ ಮೇಲೆಯೇ ಆಯಿಲ್ ಕ್ಯಾನು ಕೈಗೆ ತೆಗೆದುಕೊಳ್ಳಬೇಕು. ತಿರುಗುತ್ತಿರುವಾಗ "ಒಂದು ತೊಟ್ಟು ಬಿಡೋಣ" ಎಂದು ಬಗ್ಗಿದರೆ ಸೆರಗು, ಜಡೆ, ಬಳೆ ಯಾವುದು ಬೇಕಾದರೂ ಸಿಕ್ಕಿಕೊಳ್ಳುತ್ತದೆ.

ಚಿಕ್ಕ ಟ್ರ್ಯಾಕ್ಟರ್ ಇರುವವರು ಬ್ರೇಕ್ ಯಾವ ಬಗೆಯದು ಎಂದು ತಿಳಿದಿರಿ. ಆಯಿಲಿನಲ್ಲಿ ಮುಳುಗಿರುವ ಬ್ರೇಕ್ ಆದರೆ ಅದಕ್ಕೆಂದೇ ಮಾಡಿದ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್ ಬೇಕು. ಬೇರೆ ಗೇರ್ ಆಯಿಲ್ ಸುರಿದರೆ ಬ್ರೇಕ್ ಕಿರುಚುತ್ತದೆ, ಸರಿಯಾಗಿ ಹಿಡಿಯುವುದಿಲ್ಲ.

ಎರಡು ಆಕ್ಷೇಪಗಳು

"ಕಂಪನಿ ಆಯಿಲ್ ದುಬಾರಿ, ನಮ್ಮಂಥವರಿಗೆ ಎಲ್ಲಿ ಆಗುತ್ತದೆ" ಎನ್ನುವವರಿದ್ದಾರೆ. ನ್ಯಾಯವಾದ ಮಾತು. ಆದರೆ ನಾನು ದುಬಾರಿ ಆಯಿಲ್ ತನ್ನಿ ಎನ್ನುತ್ತಿಲ್ಲ, ಸರಿಯಾದ ನಂಬರಿನದು ತನ್ನಿ ಎನ್ನುತ್ತಿದ್ದೇನೆ. ಪುಸ್ತಕದಲ್ಲಿ ನಂಬರೂ ದರ್ಜೆಯೂ ಬರೆದಿದ್ದರೆ, ಅವೆರಡೂ ಹೊಂದುವ ಯಾವುದೇ ಒಳ್ಳೆಯ ಕಂಪನಿಯ ಸೀಲ್ ಇರುವ ಡಬ್ಬ ಸಾಕು. ನಂಬರ್ ಗೊತ್ತಿಲ್ಲದವರೇ ಹೆಚ್ಚು ದುಡ್ಡು ಕೊಡುವುದು, ಒಂದು ದಿನ ಬೇಡದ ದುಬಾರಿ ಆಯಿಲಿಗೆ, ಇನ್ನೊಂದು ದಿನ ಕೆಟ್ಟ ಪಂಪಿಗೆ. ಡ್ರಮ್ಮಿನಿಂದ ಬಿಡಿಯಾಗಿ ಅಳೆದು ಕೊಡುವ ಆಯಿಲ್ ಮಾತ್ರ ಬೇಡ. ಅದರಲ್ಲಿ ಏನಿದೆ ಎಂದು ಹೇಳಲು ಯಾವ ಲ್ಯಾಕ್ಟೋಮೀಟರೂ ನಮ್ಮ ಬಳಿ ಇಲ್ಲ.

ಇನ್ನೊಂದು ಮಾತು, "ಮೆಕ್ಯಾನಿಕ್ ಇದ್ದಾನಲ್ಲ, ಅವನಿಗೆ ಗೊತ್ತಿರುತ್ತದೆ." ಗೊತ್ತಿರುವವರು ಖಂಡಿತ ಇದ್ದಾರೆ, ಅವರ ಮಾತಿಗೆ ಬೆಲೆ ಕೊಡೋಣ. ಆದರೆ ಪಶುವೈದ್ಯರು ಬಂದಾಗ ಹಸು ಎಂದು ಬೆದೆಗೆ ಬಂದಿತ್ತು, ಎಷ್ಟು ತಿಂಗಳ ಗಬ್ಬ ಎಂದು ಹೇಳುವವಳು ಮನೆಯಾಕೆಯೇ ಅಲ್ಲವೇ? ಹಾಗೆಯೇ ಮಿಷನ್ನಿಗೆ ಎಂದು ಆಯಿಲ್ ಹಾಕಿದ್ದು, ಯಾವ ನಂಬರಿನದು, ಈಚೆಗೆ ಸದ್ದು ಬದಲಾಗಿದೆಯೇ ಎಂದು ಹೇಳಬೇಕಾದವಳೂ ಅವಳೇ. ದಿನಾ ಆ ಸದ್ದು ಕೇಳುವ ಕಿವಿ ಅವಳದು.

ಲೆಕ್ಕ ಇಡುವುದು ಸುಲಭ. ಹಾಲಿನ ಪಾಸ್‌ಬುಕ್ಕಿನಂತೆ ಮಿಷನ್ನಿಗೂ ಒಂದು ಹಾಳೆ ಇರಲಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಗಂಟೆ. 100 ಗಂಟೆಗೆ ಆಯಿಲ್ ಬದಲಿಸಿ ಎಂದು ಪುಸ್ತಕದಲ್ಲಿದ್ದರೆ 50 ದಿನಕ್ಕೊಮ್ಮೆ ಬದಲಿಸಬೇಕು ಎಂದಾಯಿತು. ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದರೂ ಸಾಕು.

ಹಳೇ ಆಯಿಲ್ ದನಕ್ಕೆ ಔಷಧಿಯಲ್ಲ

ಇಳಿಸಿದ ಹಳೇ ಆಯಿಲನ್ನು ಉಣ್ಣೆಗೆ, ಹೇನಿಗೆ, ಕಜ್ಜಿಗೆ ಎಂದು ದನದ ಮೈಗೆ ಬಳಿಯುವ ರೂಢಿ ಕೆಲವು ಕಡೆ ಇನ್ನೂ ಇದೆ. ದಯವಿಟ್ಟು ನಿಲ್ಲಿಸಿ. ಹಳೇ ಆಯಿಲಿನಲ್ಲಿ ಸವೆದ ಲೋಹದ ಪುಡಿ, ಸುಟ್ಟ ಇಂಧನದ ಕಲ್ಮಶ ಇರುತ್ತದೆ. ದನ ಮೈ ನೆಕ್ಕುತ್ತದೆ, ಪಕ್ಕದ ಕರುವೂ ನೆಕ್ಕುತ್ತದೆ. ಹಳೇ ಆಯಿಲ್ ನೆಕ್ಕಿ ದನಗಳಿಗೆ ಸೀಸದ ವಿಷ ಏರಿದ ಉದಾಹರಣೆಗಳು ಪಶುವೈದ್ಯರ ಪುಸ್ತಕಗಳಲ್ಲಿವೆ. ಆ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲನ್ನು ಮೊದಲು ಕುಡಿಯುವುದು ನಮ್ಮ ಮಕ್ಕಳು. ಉಣ್ಣೆಗೆ ಬೇಕಾದ ಔಷಧಿಯನ್ನು ಪಶುವೈದ್ಯರು ಹೇಳುತ್ತಾರೆ, 1962ಕ್ಕೆ ಕರೆ ಮಾಡಿದರೂ ಸಹಾಯ ಸಿಗುತ್ತದೆ.

ಹಳೇ ಆಯಿಲನ್ನು ಚರಂಡಿಗೆ, ನಾಲೆಗೆ, ತಿಪ್ಪೆಗೆ ಸುರಿಯುವುದೂ ಬೇಡ. ತಿಪ್ಪೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ನಾಲೆ ಕಪಿಲೆಗೋ ಕಾವೇರಿಗೋ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ.

ಒಕ್ಕೂಟ ಮತ್ತು ಸಂಘಗಳು ಮಾಡಬೇಕಾದ್ದು

ಎಲ್ಲವನ್ನೂ ಹೆಂಗಸರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಪುಸ್ತಕ ನೋಡಿ ಎನ್ನುವುದು ಸುಲಭ, ಆ ಪುಸ್ತಕ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ನಾಲ್ಕು ಬೇಡಿಕೆಗಳು.

ಮೊದಲನೆಯದು, ಸಹಾಯಧನದಲ್ಲಿ ಕೊಡುವ ಪ್ರತಿ ಮಿಷನ್ನಿನ ಮೇಲೂ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿರಬೇಕು. ಯಾವ ಆಯಿಲ್, ಯಾವ ನಂಬರ್, ಎಷ್ಟು ಮಿಲಿ, ಎಷ್ಟು ಗಂಟೆಗೆ ಬದಲಿಸಬೇಕು ಎಂಬ ನಾಲ್ಕೇ ಸಾಲು. ಚೀಟಿ ಅಂಟಿಸದ ಮಾರಾಟಗಾರರಿಂದ ಮಿಷನ್ ಕೊಳ್ಳುವುದು ಬೇಡ.

ಎರಡನೆಯದು, ಪಶು ಆಹಾರದ ಚೀಲ, ಖನಿಜ ಮಿಶ್ರಣ ಇಡುವ ಸಂಘದಲ್ಲೇ ಊರಿನ ಮಿಷನ್ನುಗಳಿಗೆ ಬೇಕಾದ ಎರಡು ಮೂರು ನಂಬರಿನ ಆಯಿಲ್ ಡಬ್ಬಗಳನ್ನೂ ಇಡಲಿ. ಒಟ್ಟಿಗೆ ತರಿಸಿದರೆ ದರವೂ ಇಳಿಯುತ್ತದೆ, ಪೇಟೆಗೆ ಹೋಗುವ ಬಸ್ ಚಾರ್ಜೂ ಉಳಿಯುತ್ತದೆ.

ಮೂರನೆಯದು, ಮಿಷನ್ ತರಬೇತಿ ಎಂದರೆ ಅದನ್ನು ಓಡಿಸುವ ಹೆಂಗಸರಿಗೇ ಆಗಲಿ. ಪಹಣಿಯಲ್ಲಿ ಹೆಸರಿರುವವರು ಬಂದು ಸಹಿ ಹಾಕಿ ಊಟ ಮಾಡಿ ಹೋದರೆ ಸಾಲದು. ನಮ್ಮ ಸುತ್ತೂರಿನಲ್ಲೇ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ಒಕ್ಕೂಟ ಅವರ ಜೊತೆ ಮಾತಾಡಿ, ಆಯಿಲ್ ಇಳಿಸಿ ತುಂಬುವುದನ್ನು ನಮ್ಮ ಕೈಯಲ್ಲೇ ಮಾಡಿಸಿ ಕಲಿಸುವ ಒಂದು ದಿನದ ತರಬೇತಿ ಏರ್ಪಡಿಸಲಿ. ಸುತ್ತೂರು ಜಾತ್ರೆಯ ಕೃಷಿ ಮೇಳದಲ್ಲಿ ಮಿಷನ್ ನೋಡಿ ಬರುವವರು ಬೆಲೆಯ ಜೊತೆ ಆಯಿಲಿನ ನಂಬರನ್ನೂ ಕೇಳಿ ಬರೋಣ.

ನಾಲ್ಕನೆಯದು, ಸಂಘದ ಹಿತ್ತಿಲಲ್ಲಿ ಹಳೇ ಆಯಿಲಿಗೆ ಮುಚ್ಚಳವಿರುವ ಒಂದು ಡ್ರಮ್ ಇಟ್ಟು, ತುಂಬಿದ ಮೇಲೆ ಪರವಾನಗಿ ಇರುವವರಿಗೆ ಕೊಡುವ ವ್ಯವಸ್ಥೆಯಾಗಲಿ.

ಇವು ಯಾವುವೂ ದೊಡ್ಡ ಖರ್ಚಿನ ಮಾತಲ್ಲ. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಬೋನಸ್ಸಿನ ಮಾತು ಮುಗಿದ ಮೇಲೆ ಯಾರಾದರೂ ಒಬ್ಬ ಅಕ್ಕ ಎದ್ದು ನಿಂತು ಈ ನಾಲ್ಕನ್ನು ಕೇಳಿದರೆ ಸಾಕು, ಪಕ್ಕದಲ್ಲಿ ಕುಳಿತವರು ದನಿಗೂಡಿಸುತ್ತಾರೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಈ ಸಂಜೆ ಹಾಲು ಹಾಕಿ ಬಂದ ಮೇಲೆ ಮಿಷನ್ನಿನ ಮೈ ಒರೆಸಿ, ತಗಡಿನ ಮೇಲೆ ಅಥವಾ ಪುಸ್ತಕದಲ್ಲಿ ಆಯಿಲಿನ ನಂಬರ್ ಎಲ್ಲಿದೆ ಎಂದು ಶಾಲೆಗೆ ಹೋಗುವ ಮಗಳ ಕೈಯಲ್ಲಿ ಓದಿಸಿ. ಅದನ್ನು ಹಾಲಿನ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿಟ್ಟುಕೊಳ್ಳಿ. ಮುಂದಿನ ಸಲ ಪೇಟೆಗೆ ಹೋಗುವವರ ಕೈಗೆ ದುಡ್ಡಿನ ಜೊತೆ ಆ ನಂಬರನ್ನೂ ಕೊಟ್ಟು ಕಳಿಸಿ.